ಮಾನ್ಯ ಥರ್ಮಾಮೀಟರ್ ಅವರೇ, ಆ ಜ್ವರ ನನ್ನದಲ್ಲ

ಇವರಿಗೆ,
ಮಾನ್ಯ ಗಾಜಿನ ಥರ್ಮಾಮೀಟರ್ ಅವರು,
ಪ್ಲಾಸ್ಟಿಕ್ ಕೊಳವೆ, ದೊಡ್ಡಮ್ಮನವರ ಕೈಚೀಲದ ಒಳಜೇಬು.

ಮಾನ್ಯರೇ,

ತಮ್ಮ ಪಾದರಸಕ್ಕೆ ಮೊದಲ ನಮಸ್ಕಾರ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಗಾಜಿಗೆ ಎರಡನೆಯ ನಮಸ್ಕಾರ, ಆ ಗಾಜಿನ ಮೈಮೇಲಿರುವ ಕೂದಲೆಳೆಯಂಥ ಗೀಟುಗಳಿಗೆ, ಕನ್ನಡಕ ಹಾಕಿಕೊಂಡ ನಂತರ, ಮೂರನೆಯ ನಮಸ್ಕಾರ. ತಾವು ತಮ್ಮ ಕೊಳವೆಯೊಳಗೆ, ತಲೆಗಿಷ್ಟು ಕಾಲಿಗಿಷ್ಟು ಹತ್ತಿಯ ಆಸರೆಯಲ್ಲಿ, ಯಾವ ಬಿರುಕೂ ಇಲ್ಲದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾನೂ ಕ್ಷೇಮ. ನಾನು ಮೊದಲಿನಿಂದಲೂ ಕ್ಷೇಮವಾಗಿಯೇ ಇದ್ದೆ ಎಂಬುದನ್ನು ತಮ್ಮ ಘನ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ಇದನ್ನು ಲಕೋಟೆಯಲ್ಲಿ ಮುಚ್ಚಿ ತಮ್ಮ ಕೊಳವೆಗೆ ಸುತ್ತಿಡಬಹುದಿತ್ತು. ಆದರೆ ತಾವು ನನ್ನ ಜ್ವರದ ಸುದ್ದಿಯನ್ನು ಲಕೋಟೆಯಲ್ಲಿ ಮುಚ್ಚಿ ತಿಳಿಸಲಿಲ್ಲ. ಮಗಳು, ಅಳಿಯ, ಹೆಂಡತಿ, ಮೇಲಿನ ಮನೆಯ ಟೈಲರ್ ದಂಪತಿ, ಹಾಲು ಹಾಕಲು ಬಂದವನು, ಇಷ್ಟೂ ಜನರ ಕಿವಿಗೆ ಬೀಳುವಂತೆ ಸಾರಿಸಿದಿರಿ. ಆದ್ದರಿಂದ ಈ ದೂರನ್ನೂ ಬಹಿರಂಗವಾಗಿಯೇ ಬರೆದು ಮಗಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಮ್ಮಂಥ ಗಣ್ಯರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಎಲ್ಲಾದರೂ ಗೌರವ ಒಂದೆರಡು ಗೀಟು ಕಡಿಮೆ ಬಿದ್ದಿದ್ದರೆ ತಾವೇ ಹೆಚ್ಚಿಸಿ ಓದಿಕೊಳ್ಳಬೇಕು. ಇದ್ದದ್ದಕ್ಕಿಂತ ಹೆಚ್ಚಿಸಿ ಹೇಳುವುದು ತಮಗೆ ಹೊಸದೇನಲ್ಲ.

ನನ್ನ ಪರಿಚಯ ತಮಗೆ ನಾಲಿಗೆಯ ಕೆಳಗಿನಿಂದ ಮಾತ್ರ ಇರುವುದರಿಂದ ಮಿಕ್ಕ ವಿವರವನ್ನು ನಾನೇ ಒದಗಿಸುತ್ತೇನೆ. ನಾನು ಪೇಟೆಯ ಹಳೆಯ ಸಿನಿಮಾ ಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನು. ಹೆತ್ತವರು ಏನೇ ಹೆಸರಿಟ್ಟಿರಲಿ, ಪೇಟೆಯೆಲ್ಲ ನನ್ನನ್ನು ಗೇಟಣ್ಣ ಎನ್ನುತ್ತದೆ. ಕೋಪ ಬಂದಾಗ ಹೆಂಡತಿಯೂ ಹಾಗೇ ಎನ್ನುತ್ತಾಳೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಕೆಲಸದಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಹಿಂದಿನ ಆಟದ ಟಿಕೆಟನ್ನು ಮಡಚಿ ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಬಂದವರನ್ನು ತಡೆದಿದ್ದೇನೆ, "ಒಳಗೆ ನಮ್ಮ ಚಿಕ್ಕಪ್ಪ ಇದಾರೆ, ಒಂದು ಮಾತು ಹೇಳಿ ಬಂದ್ಬಿಡ್ತೀನಿ" ಎಂದು ಮುಖ ಸಣ್ಣದು ಮಾಡಿಕೊಂಡವರನ್ನೂ ತಡೆದಿದ್ದೇನೆ. ಹೀಗಾಗಿ ಬಾಗಿಲಲ್ಲಿ ತಡೆಯುವವರ ಮೇಲೆ ನನಗೆ ಮೊದಲಿನಿಂದ ಗೌರವ. ತಡೆಸಿಕೊಂಡವನಿಗೆ ಹೇಗಾಗುತ್ತದೆ ಎಂಬುದೊಂದು ಗೊತ್ತಿರಲಿಲ್ಲ. ಆ ಶಿಕ್ಷಣವನ್ನು, ಯಾವ ಶುಲ್ಕವೂ ಇಲ್ಲದೆ, ತಾವು ದಯಪಾಲಿಸಿದಿರಿ.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನನಗೆ ಮೊದಲ ಮೊಮ್ಮಗಳು. ಆಸ್ಪತ್ರೆಯಲ್ಲಿ ಹೆಂಗಸರೊಬ್ಬರಿಗೆ ಮಾತ್ರ ಒಳಗೆ ಇರಲು ಅವಕಾಶವೆಂದು ನನ್ನ ಹೆಂಡತಿ ಒಳಗೆ ಉಳಿದಳು, ನಾನು ಹೊರಗಿನ ಗಾಜಿನಿಂದ ಒಂದು ಬಿಳಿ ಬಟ್ಟೆಯ ಗಂಟನ್ನು ನೋಡಿ, ಅದೇ ಮೊಮ್ಮಗಳಿರಬೇಕೆಂದು ಅದಕ್ಕೆ ಕೈಬೀಸಿ ಬಂದೆ. ತಾಯಿ ಮಗು ಮನೆಗೆ ಬಂದ ದಿನ ಹೆಂಡತಿ ಫೋನು ಮಾಡಿ, "ರೀ, ಎಷ್ಟು ಪುಟ್ಟಿ ಅಂದ್ರೆ ನಿಮ್ಮ ಎರಡು ಅಂಗೈ ಸೇರಿಸಿದ್ರೆ ತಲೆಯಿಂದ ಹಿಮ್ಮಡಿವರೆಗೂ ಹಿಡಿಸ್ತಾಳೆ. ಬೇಗ ಬನ್ನಿ, ಈ ವಯಸ್ಸು ನಿಲ್ಲಲ್ಲ" ಎಂದಳು. ನಾನು ಫೋನು ಇಟ್ಟು ನನ್ನ ಎರಡೂ ಅಂಗೈಗಳನ್ನು ಜೋಡಿಸಿ ನೋಡಿಕೊಂಡೆ. ಸಾವಿರಾರು ಜನರ ಟಿಕೆಟ್ ಹರಿದ ಕೈಗಳವು, ಹೆಬ್ಬೆರಳು ಒರಟಾಗಿದೆ. ಆ ಕೈಗಳಲ್ಲಿ ಅಳತೆಗೆ ಸರಿಯಾಗಿ ಒಂದು ಮನುಷ್ಯಜೀವ ಕೂರುತ್ತದೆ ಎಂದರೆ ನನಗೆ ನಂಬಲಾಗಲಿಲ್ಲ. ಸಾಬೂನು ಹಾಕಿ ಉಜ್ಜಿ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಳಗಿನ ಆಟಕ್ಕೆ ಮೊದಲು ಹೋಗಿ ಬರುತ್ತೇನೆಂದು ಹೊರಟೆ.

ಅಲ್ಲಿ ಕೋಣೆಯ ಬಾಗಿಲಲ್ಲಿ ತಾವಿದ್ದಿರಿ.

ತಾವೊಬ್ಬರೇ ಇರಲಿಲ್ಲ, ತಮ್ಮನ್ನು ಹಿಡಿದುಕೊಂಡು ದೊಡ್ಡಮ್ಮನವರಿದ್ದರು. ದೊಡ್ಡಮ್ಮ ಎಂದರೆ ನನ್ನ ಹೆಂಡತಿಯ ಅಕ್ಕ, ಮಗಳಿಗೆ ದೊಡ್ಡಮ್ಮ, ಈಗ ಎಲ್ಲರ ಬಾಯಲ್ಲೂ ದೊಡ್ಡಮ್ಮ. ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಮುಖ್ಯ ನರ್ಸ್ ಆಗಿದ್ದು ನಿವೃತ್ತರಾದವರು. ನಿವೃತ್ತರಾದದ್ದು ವಾರ್ಡಿನಿಂದ ಮಾತ್ರ; ಬಾಣಂತನಕ್ಕೆಂದು ಬಂದು ನಿಂತ ಗಳಿಗೆಯಿಂದ ಮಗಳ ಮನೆಯೇ ವಾರ್ಡಾಗಿದೆ. ಚಪ್ಪಲಿ ಎಲ್ಲಿ ಬಿಡಬೇಕು, ಬಟ್ಟೆ ಎಷ್ಟು ಹೊತ್ತು ಬಿಸಿಲಿಗೆ ಹಾಕಬೇಕು, ಸೀನು ಬಂದರೆ ಯಾವ ದಿಕ್ಕಿಗೆ ತಿರುಗಬೇಕು ಎಂಬುದಕ್ಕೆಲ್ಲ ಅವರ ಬಳಿ ಕಾನೂನಿದೆ, ಮತ್ತು ಹೇಳಬೇಕಾದದ್ದನ್ನು ಹೇಳಿಬಿಡಬೇಕು, ಆ ಕಾನೂನು ಒಳ್ಳೆಯದೇ. ಅದರಲ್ಲಿ ಮುಖ್ಯವಾದದ್ದು ಇದು: ಹೊರಗಿನಿಂದ ಬಂದವರು ಯಾರೇ ಇರಲಿ, ಮೈ ಬಿಸಿ ನೋಡದೆ ಕೂಸಿನ ಕೋಣೆಗೆ ಬಿಡುವ ಹಾಗಿಲ್ಲ. ಸಿನಿಮಾ ಮಂದಿರದಲ್ಲಿ ಕೆಮ್ಮುವವರ, ಮೂಗು ಸೀಟುವವರ ನಡುವೆ ದಿನ ಕಳೆಯುವ ನನ್ನಂಥವನನ್ನು ಮೊದಲು ನೋಡಬೇಕಾದ್ದೇ. ನಾನು ಆ ಬಾಗಿಲಲ್ಲಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ತಮ್ಮ ಕಾರ್ಯವೈಖರಿಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೊಗಳದೆ ಮುಂದೆ ಹೋಗಲಾರೆ. ಇತರ ನ್ಯಾಯಾಧೀಶರು ಆರೋಪಿಯ ಎದುರು ಕುಳಿತು ಅವನ ಮಾತು ಕೇಳುತ್ತಾರೆ. ತಾವು ಹಾಗಲ್ಲ, ನೇರವಾಗಿ ಆರೋಪಿಯ ನಾಲಿಗೆಯ ಕೆಳಗೆ ಹೋಗಿ ಮಲಗಿಬಿಡುತ್ತೀರಿ, ಆಮೇಲೆ ಅವನು ತುಟಿ ಬಿಚ್ಚುವಂತಿಲ್ಲ. "ರೀ ಗೇಟಣ್ಣ, ಬಾಯಿ ಮುಚ್ಚಿ. ಹಲ್ಲು ಕಚ್ಚಬೇಡಿ, ಅದು ಗಾಜು" ಎಂದು ದೊಡ್ಡಮ್ಮ ಹೇಳಿದರೆ ಮುಗಿಯಿತು, ಕಣ್ಣಿನಲ್ಲಿ ಮಾತ್ರ ವಾದ ಮಂಡಿಸಬೇಕು. ವಿಚಾರಣೆ ನಡೆಯುವಾಗ ಆರೋಪಿಯ ಬಾಯನ್ನು ಆರೋಪಿಯಿಂದಲೇ ಮುಚ್ಚಿಸುವ ಈ ಏರ್ಪಾಡು ನಮ್ಮ ಸಿನಿಮಾ ಮಂದಿರದ ಬಾಗಿಲಿಗೂ ಬಂದರೆ ಎಷ್ಟು ಚೆನ್ನ ಎಂದು ಆ ಸ್ಥಿತಿಯಲ್ಲೂ ನನಗೆ ಅನ್ನಿಸಿತು.

ಹೇಳಿದಷ್ಟು ಹೊತ್ತು ಆದ ಮೇಲೆ ದೊಡ್ಡಮ್ಮ ತಮ್ಮನ್ನು ಹೊರತೆಗೆದು, ಹತ್ತಿಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು, ಎರಡು ಬೆರಳ ನಡುವೆ ಮೆಲ್ಲಗೆ ಹೊರಳಿಸಿದರು. ತಮ್ಮೊಳಗಿನ ಬೆಳ್ಳಿಗೆರೆ ಎಲ್ಲ ಕೋನದಿಂದಲೂ ಎಲ್ಲರಿಗೂ ಕಾಣುವಂಥದ್ದಲ್ಲ ಎಂಬುದು ನನಗೆ ಗೊತ್ತು. ಗಾಜನ್ನು ಸರಿಯಾಗಿ ತಿರುಗಿಸಿದ ಕ್ಷಣಕ್ಕೆ ಮಾತ್ರ ಅದು ದಪ್ಪಗೆ ಹೊಳೆದು ದರ್ಶನ ಕೊಡುತ್ತದೆ, ಕೈ ಸ್ವಲ್ಪ ಅಲುಗಿತೋ, ಮಾಯ. ಇಂಥ ಅಂತರ್ಮುಖಿಗಳಾದ ತಾವು ಅಂದು ದೊಡ್ಡಮ್ಮನವರಿಗೆ ಕೂಡಲೇ ದರ್ಶನ ಕೊಟ್ಟಿರಿ. ಅವರು ಕನ್ನಡಕವನ್ನು ಹಣೆಗೇರಿಸಿ, "ನೂರು ದಾಟಿ ಮೇಲೆ ಹೋಗಿದೆ. ಒಳಗೆ ಬರೋ ಹಾಗಿಲ್ಲ" ಎಂದರು. ಮಾಮೂಲು ಮೈ ಬಿಸಿಯ ಎದುರು ತಮ್ಮ ಮೈಮೇಲೆ ಒಂದು ಪುಟ್ಟ ಬಾಣದ ಗುರುತಿದೆಯಲ್ಲ, ನನ್ನ ಪಾಲಿನ ಪಾದರಸ ಆ ಬಾಣವನ್ನು ತಿರುಗಿಯೂ ನೋಡದೆ ಮುಂದೆ ಹೋಗಿತ್ತಂತೆ.

"ನನಗೇನೂ ಆಗಿಲ್ಲ ದೊಡ್ಡಮ್ಮ" ಎಂದೆ. "ಎಲ್ಲರೂ ಹಾಗೇ ಅಂತಾರೆ" ಎಂದರು. ಸಿನಿಮಾ ಮಂದಿರದ ಬಾಗಿಲಲ್ಲಿ ಈ ಉತ್ತರವನ್ನು ನಾನೇ ಎಷ್ಟೋ ಜನಕ್ಕೆ ಕೊಟ್ಟಿದ್ದರಿಂದ ಮುಂದೆ ವಾದಿಸಲಿಲ್ಲ. ಕೋಣೆಯ ಬಾಗಿಲ ಸಂದಿಯಿಂದ ತೊಟ್ಟಿಲ ಒಂದು ಮೂಲೆ ಕಾಣುತ್ತಿತ್ತು, ಅದರಂಚಿನಲ್ಲಿ ಒಂದು ಕಾಲುಚೀಲ. ಅದರೊಳಗೆ ಕಾಲಿತ್ತೋ ಇಲ್ಲವೋ ತಿಳಿಯಲಿಲ್ಲ. ಅದನ್ನೇ ನೋಡಿಕೊಂಡು ಕೆಲಸಕ್ಕೆ ಹೋದೆ.

ಮರುದಿನವೂ ಬಂದೆ. ಅಂದೂ ಅಷ್ಟೇ ಬಿಸಿ, ನೂರರ ಮೇಲೆಯೇ. ಅದರ ಮರುದಿನ ಏರಿತ್ತು. ಹೀಗೆ ಆಗಾಗ ಅಂಕಿ ಏರಿಸುತ್ತಿದ್ದುದರಿಂದಲೇ ತಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ ಎಂಬುದನ್ನು ಇಲ್ಲಿ ಮೆಚ್ಚುಗೆಯಿಂದ ದಾಖಲಿಸುತ್ತೇನೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ಒಂದೇ ಸುಳ್ಳಿಗೆ ಜೋತುಬಿದ್ದು ಸಿಕ್ಕಿಹಾಕಿಕೊಳ್ಳುತ್ತಾರೆ.

ನಮ್ಮ ಅಳಿಯನ ಬಗ್ಗೆಯೂ ಇಲ್ಲಿ ಹೇಳಬೇಕು. ಅವನದು ಕನ್ನಡಿ ಮತ್ತು ಫೋಟೋ ಫ್ರೇಮಿನ ಅಂಗಡಿ. ಆಳೆತ್ತರದ ಗಾಜನ್ನು ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತುವವನು, ಒಂದು ಲೋಟವನ್ನು ಮೇಜಿನ ಮೇಲಿಟ್ಟರೂ ಸದ್ದಾಗುವುದಿಲ್ಲ. ಅವನ ಕೈಯ ಈ ಗುಣ ನೋಡಿಯೇ ದೊಡ್ಡಮ್ಮ, ತಮ್ಮನ್ನು ತೊಳೆದು ಟ್ರೇಯಲ್ಲಿಟ್ಟು ತರುವ ಜವಾಬ್ದಾರಿಯನ್ನು ಅವನಿಗೆ ಒಪ್ಪಿಸಿದ್ದರು. "ಹುಷಾರು, ಇದೇನಾದ್ರೂ ಒಡೆದ್ರೆ ಒಳಗಿರೋ ಪಾದರಸ ಮಣಿಮಣಿಯಾಗಿ ಮನೆಯೆಲ್ಲಾ ಹರಡುತ್ತೆ. ಅದು ವಿಷ. ಕೂಸಿರೋ ಮನೆ" ಎಂದು ಬೇರೆ ಹೇಳಿದ್ದರು. ಅಂದಿನಿಂದ ಅಳಿಯ ತಮ್ಮನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಡೆಯತೊಡಗಿದ. ಹೆತ್ತ ಮಗಳಿಗಿಂತ ಹೆಚ್ಚು ಹೊತ್ತು ಅವನು ತಮ್ಮನ್ನು ಎತ್ತಿಕೊಂಡಿದ್ದಾನೆ, ಏಕೆಂದರೆ ಅಂಗಡಿಗೆ ಹೋಗಿಬರುವ ಅವನೂ ಹೊರಗಿನವನೇ, ಅವನಿಗೂ ತಾವು ಪ್ರತಿ ಬೆಳಿಗ್ಗೆ ಜ್ವರ ದಯಪಾಲಿಸುತ್ತಿದ್ದಿರಿ.

ಹೀಗಾಗಿ ಮಾವ ಅಳಿಯ ಇಬ್ಬರೂ ನಡುಮನೆಯ ಬೆಂಚಿನ ಮೇಲೆ ಜೊತೆಯಾದೆವು. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ "ಊಟ ಆಯ್ತಾ", "ಆಯ್ತು ಮಾವ" ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಈಗ ಒಂದೇ ಜ್ವರದವರಾಗಿ ಒಬ್ಬರ ಹಣೆ ಒಬ್ಬರು ಮುಟ್ಟಿ ನೋಡಿಕೊಳ್ಳುವಷ್ಟು ಹತ್ತಿರವಾದೆವು. ಅವನ ಹಣೆ ನನ್ನ ಕೈಗೆ ತಣ್ಣಗಿತ್ತು, ನನ್ನ ಹಣೆ ಅವನ ಕೈಗೆ ತಣ್ಣಗಿತ್ತು. ಇದನ್ನು ಹೇಳಿದಾಗ ದೊಡ್ಡಮ್ಮ, "ಇಬ್ಬರಿಗೂ ಜ್ವರ ಇದ್ದಾಗ ಒಬ್ಬರಿಗೊಬ್ಬರು ತಣ್ಣಗೇ ಕಾಣ್ತೀರಿ" ಎಂದರು. ಇದಕ್ಕೆ ಎದುರಾಡಲು ನಮ್ಮಿಬ್ಬರ ಓದು ಸಾಲಲಿಲ್ಲ.

ಮೂರನೆಯ ಅಭಿಪ್ರಾಯ ಇರಲೆಂದು ಬೀದಿ ಕೊನೆಯ ಡಾಕ್ಟರ ಬಳಿ ಹೋದೆ. ಅವರು ಪಿಸ್ತೂಲಿನ ಹಾಗಿದ್ದ ಒಂದು ಯಂತ್ರವನ್ನು ನನ್ನ ಹಣೆಗೆ ಗುರಿಯಿಟ್ಟು, ಅದು ಕೀ ಎಂದ ಮೇಲೆ, "ಏನೂ ಇಲ್ಲ, ಆರಾಮಾಗಿದೀರಿ" ಎಂದರು. ಈ ಶುಭ ಸಮಾಚಾರವನ್ನು ಹೊತ್ತುಕೊಂಡು ಓಡಿ ಬಂದರೆ ದೊಡ್ಡಮ್ಮ ಒಂದು ಕ್ಷಣವೂ ತಡಮಾಡದೆ, "ಆ ಪಿಸ್ತೂಲು ಗೋಡೆಗೆ ಹಿಡಿದ್ರೂ ಏನೋ ಒಂದು ಅಂಕಿ ತೋರಿಸುತ್ತೆ. ಇದು ಪಾದರಸ, ಇದಕ್ಕೆ ಮುಲಾಜಿಲ್ಲ" ಎಂದು ತಮ್ಮನ್ನು ನನ್ನ ಬಾಯಿಗಿಟ್ಟರು. ತಮಗೆ ನಿಜಕ್ಕೂ ಮುಲಾಜಿರಲಿಲ್ಲ. ಅಂದು ಎಲ್ಲ ದಿನಕ್ಕಿಂತ ಹೆಚ್ಚು ತೋರಿಸಿದಿರಿ.

ಮಾನ್ಯರೇ, ನಂಬಿಕೆ ಎಂಬುದು ಎಂಥ ರೋಗವೆಂದರೆ, ಒಂದು ವಾರ ಕಳೆಯುವಷ್ಟರಲ್ಲಿ ನನಗೆ ನಿಜವಾಗಿಯೂ ಜ್ವರದ ಲಕ್ಷಣಗಳು ಶುರುವಾದವು. ಸಂಜೆಯ ಆಟಕ್ಕೆ ಮೊಣಕಾಲು ಎಳೆಯುತ್ತಿತ್ತು, ಬಾಯಿ ಕಹಿಯಾಗಿತ್ತು. ಮ್ಯಾನೇಜರು, "ಗೇಟಣ್ಣ, ಮುಖ ಬಾಡಿದೆ, ಮನೆಗೆ ಹೋಗು" ಎಂದರು. ಜ್ವರದ ಮಾತ್ರೆ ನುಂಗಿದೆ. ಬೆವರು ಬಿಟ್ಟಿತು, ಬೆವರು ಬಿಟ್ಟದ್ದಕ್ಕೆ ಜ್ವರ ಇಳಿಯುತ್ತಿದೆ ಎಂದು ಖುಷಿಯಾಯಿತು, ಬೆಳಿಗ್ಗೆ ತಾವು ಮತ್ತೆ ನೂರು ದಾಟಿದಿರಿ. ಇಲ್ಲದ ಜ್ವರಕ್ಕೆ ಔಷಧಿ ತಿಂದು, ಇಲ್ಲದ ಜ್ವರ ಇಳಿಯಲಿಲ್ಲವಲ್ಲ ಎಂದು ಕೊರಗಿ, ಇದು ಯಾವುದೋ ಕೆಟ್ಟ ಕಾಯಿಲೆಯೇ ಇರಬೇಕೆಂದು ಹೆದರಿದ ಮನುಷ್ಯ ನಾನು. ಮೊಮ್ಮಗಳನ್ನು ನೋಡದೆಯೇ ಹೋಗಿಬಿಡುತ್ತೇನೇನೋ ಎಂದು ಒಂದು ದಿನ ಖಾಲಿ ಸಿನಿಮಾ ಮಂದಿರದ ಕೊನೆಯ ಸಾಲಿನಲ್ಲಿ ಕೂತು ಅತ್ತಿದ್ದೂ ಉಂಟು. ಪರದೆಯ ಮೇಲೆ ಏನೂ ಓಡುತ್ತಿರಲಿಲ್ಲವಾದ್ದರಿಂದ, ಸಿನಿಮಾ ನೋಡಿ ಅತ್ತೆ ಎಂದು ಹೇಳಿಕೊಳ್ಳಲು ಕೂಡ ಆಗಲಿಲ್ಲ.

ಒಳಗಿನಿಂದ ಹೆಂಡತಿ ಸುದ್ದಿ ಕಳಿಸುತ್ತಲೇ ಇದ್ದಳು. ಅವಳು ಮನೆ ಬಿಟ್ಟು ಹೊರಗೆ ಹೋಗುವವಳಲ್ಲವಾದ್ದರಿಂದ ಅವಳಿಗೂ ಮಗಳಿಗೂ ತಮ್ಮ ಪರೀಕ್ಷೆ ಇರಲಿಲ್ಲ. ಕೂಸಿನ ಮೈಯನ್ನಂತೂ ದೊಡ್ಡಮ್ಮ ಕೈಯ ಹಿಂಭಾಗದಿಂದಲೇ ಮುಟ್ಟಿ ನೋಡುತ್ತಿದ್ದರು, ಎಳೆಗೂಸಿಗೆ ಗಾಜು ತಾಗಿಸಬಾರದೆಂದು. "ಇವತ್ತು ಕಣ್ಣು ಬಿಟ್ಟು ದೀಪ ನೋಡಿದ್ಲು", "ಇವತ್ತು ನನ್ನ ಬೆರಳು ಹಿಡ್ಕೊಂಡು ಬಿಡಲೇ ಇಲ್ಲ", "ರೀ, ಹೊಸ ಕಾಲುಚೀಲ ತರಿಸಬೇಕು, ಹಳೇದು ಹಿಡಿಸ್ತಿಲ್ಲ". ಈ ಕೊನೆಯ ಸುದ್ದಿ ಕೇಳಿದ ದಿನ ನಾನು ಬೆಂಚಿನ ಮೇಲೆ ಕೂತು ಮತ್ತೆ ಅಂಗೈಗಳನ್ನು ಜೋಡಿಸಿ ನೋಡಿಕೊಂಡೆ. ಅಂಗೈ ಇದ್ದಷ್ಟೇ ಇತ್ತು. ಒಳಗಿದ್ದವಳು ಬೆಳೆಯುತ್ತಿದ್ದಳು.

ಇನ್ನು ತಮ್ಮ ನಿಜ ಹೊರಬಿದ್ದ ಬೆಳಗಿನ ವಿಚಾರ. ಅಂದು ನನ್ನದೂ ಅಳಿಯನದೂ ಎಂದಿನಂತೆ ಜ್ವರವೆಂದು ತೀರ್ಪಾದ ಮೇಲೆ ಒಳಗಿನಿಂದ ಮಗಳು ಸಹನೆ ಕಳೆದುಕೊಂಡು, "ದೊಡ್ಡಮ್ಮ, ಹೊರಗಿಂದ ಬಂದೋರಿಗೆಲ್ಲ ಜ್ವರ. ನೀವೂ ನಿನ್ನೆ ಔಷಧಿ ಅಂಗಡಿಗೆ ಹೋಗಿ ಬಂದ್ರಲ್ಲ, ನಿಮ್ಮದೂ ಒಂದ್ಸಲ ನೋಡ್ಕೊಂಡ್ಬಿಡಿ" ಎಂದಳು. ದೊಡ್ಡಮ್ಮನವರಿಗೆ ಅವಮಾನವಾಯಿತೋ ಇಲ್ಲವೋ ತಿಳಿಯದು. ಕಾನೂನು ಎಂದರೆ ಕಾನೂನು ಎಂಬ ಮುಖ ಮಾಡಿ, ಅಳಿಯನಿಗೆ ಮತ್ತೆ ತೊಳೆದು ತರಲು ಹೇಳಿ, ನಿಂತಲ್ಲೇ ತಮ್ಮನ್ನು ನಾಲಿಗೆಯ ಕೆಳಗಿಟ್ಟುಕೊಂಡರು. ಹೊತ್ತಾದ ಮೇಲೆ ಕಿಟಕಿಗೆ ಹೋಗಿ ಹೊರಳಿಸಿ ನೋಡಿದರು. ಮತ್ತೊಮ್ಮೆ ಹೊರಳಿಸಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಏಪ್ರನ್ ಬಿಚ್ಚಿ ಮಡಚಿ ಬಾಗಿಲ ಹಿಡಿಕೆಗೆ ತೂಗುಹಾಕಿದರು. ಒಳಗಿದ್ದ ತಂಗಿಗೆ, "ನನಗೂ ಇದೆ. ಇನ್ನು ನೀನೇ ನೋಡ್ಕೋ" ಎಂದರು. ಕೋಣೆಯ ಬಾಗಿಲನ್ನು ಹೊರಗಿನಿಂದ ಸ್ವತಃ ಎಳೆದು ಮುಚ್ಚಿ, ಬಂದು ನಮ್ಮ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಕೂತರು. ತನ್ನ ಟಿಕೆಟ್ ಸರಿಯಿಲ್ಲವೆಂದು ತನ್ನನ್ನೇ ಹೊರಗೆ ಕಳಿಸಿಕೊಂಡ ಗೇಟ್‌ಕೀಪರನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಅಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ಒಳಗೊಳಗೇ ಕ್ಷಮೆ ಕೇಳಿಕೊಂಡೆ, ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟೆ.

ಮೂವರೂ ಸಾಲಾಗಿ ಕೂತಿದ್ದೆವು. ತಾವು ಇನ್ನೂ ಅವರ ಕೈಯಲ್ಲಿದ್ದಿರಿ. ತಮ್ಮನ್ನೇ ದಿಟ್ಟಿಸುತ್ತಿದ್ದ ಅವರಿಗೆ ಏನು ಹೊಳೆಯಿತೋ, ತಲೆ ಎತ್ತದೆ ಅಳಿಯನನ್ನು, "ಇದನ್ನ ಕೊಡವಿ ತಾನೇ ತರ್ತಿದ್ದೆ?" ಎಂದು ಕೇಳಿದರು.

"ಕೊಡವೋದಾ?" ಎಂದ ಅಳಿಯ. ಅವನ ದನಿಯಲ್ಲಿ ನೋವಿತ್ತು. "ಗಾಜನ್ನ ಯಾರಾದ್ರೂ ಕೊಡವ್ತಾರಾ ದೊಡ್ಡಮ್ಮ?"

"ಮತ್ತೆ ಏನ್ ಮಾಡ್ತಿದ್ದೆ?"

"ತೊಳೀತಿದ್ದೆ. ಪಾಪು ಸ್ನಾನಕ್ಕೆ ಅಂತ ಅತ್ತೆ ಹದ ಮಾಡಿರೋ ನೀರು ಪಾತ್ರೇಲಿ ಸ್ವಲ್ಪ ಉಳಿದಿರುತ್ತಲ್ಲ, ಅದ್ರಲ್ಲಿ. ಒಂದೇ ಸಲ ತಣ್ಣೀರು ತಾಗಿದ್ರೆ ಗಾಜು ಬಿರುಕು ಬಿಡುತ್ತೆ, ಕಾದ ನೀರು ತಾಗಿದ್ರೂ ಬಿಡುತ್ತೆ. ಕೂಸಿನ ಮೈಗೆ ತಡೆಯೋ ನೀರು ಗಾಜಿಗೂ ತಡೆಯುತ್ತೆ ಅಂತ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಅವರ ವಾರ್ಡಿನಲ್ಲಿ ತಮ್ಮಂಥವರನ್ನು ತೊಳೆಯುವುದು, ಪಾದರಸ ಇಳಿಯುವಂತೆ ಕೊಡವುವುದು, ಟ್ರೇಯಲ್ಲಿ ಸಾಲಾಗಿ ಜೋಡಿಸುವುದು ಎಲ್ಲವೂ ಆಯಾಗಳ ಕೆಲಸ. ಮುಖ್ಯ ನರ್ಸಿನ ಮುಂದೆ ಟ್ರೇ ಬಂತೆಂದರೆ ಅದರಲ್ಲಿರುವುದು ಕೊಡವಿದ್ದೇ ಆಗಿರಬೇಕು, ಅವರು ಬಾಯಿಗಿಟ್ಟು ಓದಬೇಕು, ಅಷ್ಟೇ. ಟ್ರೇ ಹಿಡಿದು ಬಂದವನು ಆಯಾ ಅಲ್ಲ, ಕನ್ನಡಿ ಅಂಗಡಿಯವನು ಎಂಬುದು ಅವರಿಗೆ ಹೊಳೆಯಲಿಲ್ಲ. ಕನ್ನಡಿ ಅಂಗಡಿಯಲ್ಲಿ ಗಾಜನ್ನು ಕೊಡವುವವನಿಗೆ ಸಂಜೆಯೊಳಗೆ ಕೆಲಸ ಹೋಗುತ್ತದೆ. ಇಬ್ಬರೂ ತಂತಮ್ಮ ಕೆಲಸವನ್ನು ಕಲಿತ ಹಾಗೆಯೇ, ಕಿಂಚಿತ್ತೂ ಲೋಪವಿಲ್ಲದೆ ಮಾಡಿದ್ದರು. ನಡುವೆ ನಾನು ಬೆಂಚಿನ ಮೇಲಿದ್ದೆ.

ತಮ್ಮ ಶರೀರರಚನೆಯನ್ನು ದೊಡ್ಡಮ್ಮ ಆಗ ನಮಗೆ ವಿವರಿಸಿದರು. ತಮ್ಮ ಬುಡದ ಬುರುಡೆಯಲ್ಲಿರುವ ಪಾದರಸ ಬಿಸಿ ತಾಗಿದರೆ ಹಿಗ್ಗಿ, ಕೂದಲಿನಂಥ ಕೊಳವೆಯಲ್ಲಿ ಮೇಲೇರುತ್ತದೆ. ಆದರೆ ಬುರುಡೆಯ ತುಸು ಮೇಲೆ, ತಮ್ಮ ಗಂಟಲಲ್ಲಿ, ಒಂದು ಇಕ್ಕಟ್ಟಿದೆ. ಹಿಗ್ಗುವಾಗ ಪಾದರಸ ಆ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುತ್ತದೆ, ಬಿಸಿ ಆರಿದಾಗ ಮಾತ್ರ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಪಾದರಸದ ಎಳೆ ಅಲ್ಲಿ ಕಡಿದು, ಮೇಲಿನದು ಮೇಲೆಯೇ ನಿಲ್ಲುತ್ತದೆ. ಬಾಯಿಂದ ತೆಗೆದು ಕಿಟಕಿಗೆ ಹೋಗುವಷ್ಟರಲ್ಲಿ ಅಂಕಿ ಇಳಿಯದಿರಲಿ ಎಂದು ಮಾಡಿದ ಉಪಾಯವಂತೆ ಅದು. ಯಾರಾದರೂ ಮಣಿಕಟ್ಟಿನಿಂದ ಜಾಡಿಸಿ ಕೊಡವಿ ಇಳಿಸುವವರೆಗೆ, ತಾವು ಒಮ್ಮೆ ಕಂಡ ಅತಿ ಹೆಚ್ಚಿನ ಬಿಸಿಯನ್ನೇ ಹಿಡಿದುಕೊಂಡಿರುತ್ತೀರಿ. ಅದಕ್ಕಿಂತ ಕಡಿಮೆ ಬಿಸಿಯ ಯಾರ ಬಾಯಿಗೆ ಹೋದರೂ ತಮಗೆ ಲಕ್ಷ್ಯವಿಲ್ಲ. ಹಿಂದಿನ ಆಟದ ಟಿಕೆಟನ್ನು ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಬರುವವರನ್ನು ಜೀವಮಾನವೆಲ್ಲ ಹಿಡಿದವನು ನಾನು. ತಾವು ಅದೇ ಟಿಕೆಟನ್ನು ಗಂಟಲಲ್ಲಿಟ್ಟುಕೊಂಡು ನನ್ನ ನಾಲಿಗೆಯ ಕೆಳಗೇ ಬಂದು ಮಲಗಿದ್ದಿರಿ, ನನಗೆ ಗೊತ್ತಾಗಲಿಲ್ಲ.

ಅಂದರೆ, ಮಾನ್ಯರೇ, ನನ್ನನ್ನು ಮೊಮ್ಮಗಳ ಬಾಗಿಲಲ್ಲಿ ತಡೆದ ಜ್ವರ ಮೊಮ್ಮಗಳ ಸ್ನಾನದ ನೀರಿನದು. ಹೆಂಡತಿ ಮೊಣಕೈ ಅದ್ದಿ ಅದ್ದಿ ಹದ ನೋಡಿದ ನೀರು. ಅದು ಒಂದು ಚೂರು ಹೆಚ್ಚು ಬಿಸಿಯಾದ ದಿನ ತಾವೂ ಒಂದು ಗೀಟು ಮೇಲೇರುತ್ತಿದ್ದಿರಿ, ಕಡಿಮೆಯಾದ ದಿನ ಇಳಿಯುತ್ತಿರಲಿಲ್ಲ. ಕೂಸಿಗೆ ಹಿತವಾದ ಅದೇ ಬಿಸಿ ನನ್ನ ಬಾಯಲ್ಲಿ ರೋಗವಾಯಿತು. ಅದಕ್ಕೆ ನಾನು ಮಾತ್ರೆ ನುಂಗಿದೆ.

ದೊಡ್ಡಮ್ಮ ಎದ್ದು ನಿಂತು, ಗೋಡೆ ಮೇಜುಗಳಿಂದ ದೂರ ಸರಿದು, ತಮ್ಮನ್ನು ಬಾಲದ ತುದಿಯಲ್ಲಿ ಬಿಗಿಯಾಗಿ ಹಿಡಿದು ಮಣಿಕಟ್ಟನ್ನು ಜಾಡಿಸಿದರು. ಅಳಿಯ ಮುಖ ಮುಚ್ಚಿಕೊಂಡ. ಮತ್ತೆ ಜಾಡಿಸಿದರು. ಅಷ್ಟು ದಿನ ನೂರರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ತಾವು ಒಂದೆರಡು ಏಟಿಗೆ ಅಂಕಿಗಳ ಬುಡಕ್ಕೆ ಬಂದು ಬಿದ್ದಿರಿ. ಆ ದೃಶ್ಯ ನನಗೆ ಬಹಳ ಸಂತೋಷ ಕೊಟ್ಟಿತು, ಮುಚ್ಚಿಡುವುದಿಲ್ಲ. ನಂತರ ತಣ್ಣೀರಲ್ಲಿ ತೊಳೆದು, ಸಾಲಾಗಿ ಮೂವರನ್ನೂ ನೋಡಿದ್ದಾಯಿತು. ದೊಡ್ಡಮ್ಮನವರು ಸರಿಯಾಗಿ ಬಾಣದ ಗುರುತಿನಲ್ಲಿದ್ದರು, ಅವರಿಂದ ಅದಕ್ಕಿಂತ ಕಡಿಮೆ ನಿರೀಕ್ಷಿಸುವಂತಿಲ್ಲ. ಅಳಿಯ ಅದರ ಹತ್ತಿರ. ನಾನು ಅದಕ್ಕಿಂತ ಕೆಳಗೆ.

ಬಾಗಿಲು ತೆರೆಯಿತು. ದೊಡ್ಡಮ್ಮ ಪಕ್ಕಕ್ಕೆ ಸರಿದು, "ಹೋಗಿ ಗೇಟಣ್ಣ" ಎಂದರು. ನಾನು ಅಳಿಯನನ್ನು ಮುಂದೆ ಕಳಿಸಿದೆ, ಅಪ್ಪನಾದವನು ಮೊದಲು. ಅವನು ಆಳೆತ್ತರದ ಕನ್ನಡಿಗಳನ್ನು ಎತ್ತುವ ಕೈಯಲ್ಲಿ ಅವಳನ್ನು ಎತ್ತಿಕೊಂಡು, ಮುಖ ನೋಡಿ, ಆಮೇಲೆ ನನ್ನ ಕಡೆ ಚಾಚಿದ. ನಾನು ಎರಡು ಅಂಗೈಗಳನ್ನು ಜೋಡಿಸಿ ಹಿಡಿದೆ. ತಲೆ ಬೆರಳುಗಳ ಮೇಲೆ ಸರಿಯಾಗಿ ಕೂತಿತು, ಬೆನ್ನು ಅಂಗೈ ತುಂಬಿತು. ಕಾಲು ಹಿಡಿಸಲಿಲ್ಲ. ಹಿಮ್ಮಡಿಗಳು ನನ್ನ ಮಣಿಕಟ್ಟು ದಾಟಿ, ಗಡಿಯಾರದ ಪಟ್ಟಿಯ ಆಚೆ ಒದೆಯುತ್ತಿದ್ದವು. ಹೆಂಡತಿ, "ಬೆಳೆದುಬಿಟ್ಲು ಕಣ್ರೀ" ಎಂದಳು. ನನಗೆ ಅಳು ಬಂತು. ಈ ಸಲ ಖಾಲಿ ಸಾಲಿನಲ್ಲಲ್ಲ, ಎಲ್ಲರೆದುರಿಗೆ ಅತ್ತೆ. ಮೊಮ್ಮಗಳು ನನ್ನ ಇಸ್ತ್ರಿ ಅಂಗಿಯ ಮೇಲೆ ಬೆಚ್ಚಗೆ ಒದ್ದೆ ಮಾಡಿದಳು. ಅದರ ತಾಪಮಾನವನ್ನು ಯಾರೂ ಅಳೆಯಲಿಲ್ಲ.

ಈಗ ನನ್ನ ಬೇಡಿಕೆಗಳು. ತಾವು ಮನಸ್ಸು ಮಾಡಿದರೆ ಇವೇನೂ ಕಷ್ಟದವಲ್ಲ. ತಾವು ಒಯ್ದಿರುವ ನನ್ನ ಬೆಳಗುಗಳನ್ನು ಹಿಂತಿರುಗಿಸಬೇಕು. ಎಲ್ಲವೂ ಬೇಡ, ಅವಳು ಅಂಗೈಯಲ್ಲಿ ಹಿಡಿಸುತ್ತಿದ್ದ ಒಂದು ಬೆಳಗು ಸಾಕು. ಅದು ಸಾಧ್ಯವಿಲ್ಲವಾದರೆ ನನ್ನ ಅಂಗೈಗಳನ್ನಾದರೂ, ಗಡಿಯಾರದ ಪಟ್ಟಿಯವರೆಗೆ, ಹಿಗ್ಗಿಸಿಕೊಡಬೇಕು. ಬಿಸಿ ತಾಗಿದರೆ ಹಿಗ್ಗುವುದು ತಮ್ಮ ವಿಶೇಷ ವಿದ್ಯೆ. ನಾನು ನುಂಗಿದ ಮಾತ್ರೆಗಳನ್ನು ಯಾವಾಗಲಾದರೂ ಬರಲಿರುವ ನಿಜವಾದ ಜ್ವರಕ್ಕೆ ಮುಂಗಡವೆಂದು ಪರಿಗಣಿಸಬೇಕು. ಹಳೆಯ ಬಿಸಿ ಗಂಟಲಲ್ಲಿದ್ದಾಗ ಒಂದು ಸಣ್ಣ ಕೆಮ್ಮು ಕೆಮ್ಮಿ ಎದುರಿಗಿರುವವರಿಗೆ ತಿಳಿಸುವ ಸೌಜನ್ಯವನ್ನು ಇನ್ನಾದರೂ ಬೆಳೆಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಒಂದು ವಿನಂತಿ ದೊಡ್ಡದು. ಆ ಕೋಣೆಯಲ್ಲಿ ದಿನದಿನಕ್ಕೆ ಮೇಲೇರುತ್ತಿರುವುದು ತಾವೊಬ್ಬರೇ ಅಲ್ಲ. ತಮ್ಮ ಏರಿಕೆಯನ್ನು ದೊಡ್ಡಮ್ಮ ಮಣಿಕಟ್ಟು ಜಾಡಿಸಿ ಇಳಿಸಬಲ್ಲರು. ತೊಟ್ಟಿಲಲ್ಲಿರುವವಳದನ್ನು ಯಾರೂ ಇಳಿಸಲಾರರು. ಆದ್ದರಿಂದ ಮುಂದೆ ತಾವು ಯಾವ ಮನೆಯ ಯಾವ ಬಾಗಿಲಲ್ಲಿ ನಿಂತರೂ, ಒಳಗೆ ಬೆಳೆಯುತ್ತಿರುವುದು ಏನು, ಹೊರಗೆ ಕಾಯುತ್ತಿರುವವರು ಯಾರು ಎಂದು ಒಮ್ಮೆ ನೋಡಿ ಆಮೇಲೆ ಅಂಕಿ ಹೇಳಬೇಕಾಗಿ ಕೋರುತ್ತೇನೆ. ನಾನೂ ಇನ್ನು ಮೇಲೆ ಸಿನಿಮಾ ಮಂದಿರದ ಬಾಗಿಲಲ್ಲಿ, ಒಳಗೆ ಚಿಕ್ಕಪ್ಪ ಇದ್ದಾರೆ ಎನ್ನುವವರ ಮುಖವನ್ನು ಇನ್ನೊಮ್ಮೆ ನೋಡುವುದಾಗಿ ತೀರ್ಮಾನಿಸಿದ್ದೇನೆ. ಬಿಡುವುದಿಲ್ಲ. ನೋಡುತ್ತೇನೆ.

ತಮ್ಮ ಮೇಲೆ ವೈಯಕ್ತಿಕ ದ್ವೇಷವಿಲ್ಲವೆಂದೂ, ತಮ್ಮನ್ನು ಬೇಕೆಂದೇ ನೆಲಕ್ಕೆ ಬೀಳಿಸುವ ಆಲೋಚನೆ ಒಂದೇ ಒಂದು ಸಲ ಬಂದು, ಪಾದರಸ ವಿಷವೆಂದು ನೆನಪಾಗಿ ಹೊರಟುಹೋಯಿತೆಂದೂ ತಿಳಿಸುತ್ತಾ,

ಬಾಣದ ಗುರುತಿಗಿಂತ ತುಸು ಕೆಳಗಿನಿಂದ,
ತಮ್ಮ ವಿಶ್ವಾಸಿ,
ಗೇಟಣ್ಣ

ತಾ. ಕ.: ಸರಿಯಾಗಿ ಕೊಡವಿದ ಮೇಲೆ ತಾವು ಕೊಟ್ಟ ನನ್ನ ಅಂಕಿ ಕಡಿಮೆಯೆಂದು ದೊಡ್ಡಮ್ಮ ಈಗ ಹೊಸ ಕಾನೂನು ತಂದಿದ್ದಾರೆ: "ನಿಮ್ಮ ಕೈ ತಣ್ಣಗಿದೆ, ಹಾಗೇ ಮುಟ್ಟಿದ್ರೆ ಕೂಸು ಬೆಚ್ಚಿಬೀಳುತ್ತೆ." ಆದಕಾರಣ ಪ್ರತಿ ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಅವಳ ಸ್ನಾನದ ಉಳಿದ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಹೋಗುತ್ತೇನೆ. ಅದೇ ಪಾತ್ರೆ, ಅದೇ ನೀರು. ಅದರ ಬಿಸಿಯನ್ನು ತಾವು ಗಂಟಲಲ್ಲಿ ಹಿಡಿದಿಟ್ಟುಕೊಂಡು ನನ್ನ ತಲೆಗೆ ಕಟ್ಟಿದಿರಿ. ನಾನು ಅದು ಆರುವ ಮೊದಲೇ ಯಾರದ್ದೋ ಅವರಿಗೇ ತಲುಪಿಸುತ್ತಿದ್ದೇನೆ. ಹೀಗಾಗಿ ನನ್ನನ್ನು ಯಾರೂ ಕೊಡವಬೇಕಾಗಿ ಬಂದಿಲ್ಲ.